ಏನಾಗಬೇಕು

“ಇದು ಆಂಪ್ಲಿಫೈಯರು ಕಣ್ರೀ, ತೊಟ್ಟಿಲ ಕೂಸಲ್ಲ! ದೃಷ್ಟಿಬೊಟ್ಟು ಇಡೋಕೆ ಬಂದ್ಬಿಟ್ರು.”

ಅಂದದ್ದು ಅವನೇ, ಇಂಜಿನಿಯರು. ಬೆಳಿಗ್ಗೆ ಹತ್ತೂಕಾಲಿಗೆ, ಎಂಟು ಜನ ಹೆಂಗಸರು ಬೆಸುಗೆ ಹಾಕುತ್ತ ಕೂತಿದ್ದ ಉದ್ದ ಮೇಜಿನೆದುರು, ಎಲ್ಲರಿಗೂ ಕೇಳುವ ಹಾಗೆ ಅಂದ. ಎಡಗೈಯಲ್ಲಿ ಹಸಿರು ಬೋರ್ಡನ್ನು ಬೋರಲು ಹಿಡಿದಿದ್ದ. ಅದರ ಬೆನ್ನಿಗೆ, ಅವನು ಬರೆದ ನಕ್ಷೆಯಲ್ಲಿ ಎಲ್ಲೂ ಇಲ್ಲದ ಜಾಗದಲ್ಲಿ, ಬೇಳೆಯಷ್ಟು ದೊಡ್ಡ ಕಂದು ಬಿಲ್ಲೆಯೊಂದು ಎರಡು ಕಾಲೂರಿ ಕೂತಿತ್ತು. ಒಂದು ಪುಟ್ಟ ಕೆಪಾಸಿಟರು.

“ಯಾರನ್ನ ಕೇಳಿ ಹಾಕಿದ್ರಿ?”

ಮೇಸ್ತ್ರಿ ಕನ್ನಡಕವನ್ನು ಹಣೆಗೇರಿಸಿದರು. “ಸ್ಪೀಕರಿಗೆ ಉದ್ದ ತಂತಿ ಕಟ್ಟಿದ್ರೆ ಇದಕ್ಕೆ ಹುಚ್ಚು ಹಿಡಿಯುತ್ತೆ ಸಾರ್. ಬಿಲ್ಲೆ ಇದ್ರೆ ತೆಪ್ಪಗಿರುತ್ತೆ.”

“ನಿಮಗೆ ಹೇಗೆ ಗೊತ್ತಾಯ್ತು?”

“ಬೆರಳಿಟ್ಟು ನೋಡಿದೆ. ಬೆರಳಿಟ್ರೆ ಸುಮ್ಮನಾಯ್ತು.”

“ಬೆರಳಿಟ್ಟು!” ಅವನು ಮೇಜಿನ ಕಡೆ ತಿರುಗಿದ. ತಿರುಗಬೇಕಾದ ಅಗತ್ಯವೇನೂ ಇರಲಿಲ್ಲ. “ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋರು ಬೆರಳಲ್ಲೇ ಲೆಕ್ಕ ಹಾಕೋದು, ಪಾಪ. ನಾವು ಕಂಪ್ಯೂಟರಲ್ಲಿ ಹಾಕ್ತೀವಿ.”

ಮೊದಲು ಒಬ್ಬಳು ನಕ್ಕಳು. ಆಮೇಲೆ ಎಲ್ಲರೂ. ಪಟಾಕಿ ಎಂದೇ ಹೆಸರಾದವಳು, “ಬಿಡಿ ಸಾರ್, ಮೇಸ್ತ್ರಿ ಬೆರಳಿಗೂ ವಯಸ್ಸಾಯ್ತು, ಪೆನ್ಶನ್ ಕೊಟ್ಬಿಡಿ” ಅಂದಳು. ನಗು ಮತ್ತೊಂದು ಸುತ್ತು ಬಂತು.

ಅವನು ಇಕ್ಕಳದಿಂದ ಬಿಲ್ಲೆಯನ್ನು ಕಿತ್ತ. ಬೋರ್ಡಿಗೆ ಏನೂ ಆಗಲಿಲ್ಲ. ಬೆಸುಗೆ ಅಷ್ಟು ಹದವಾಗಿತ್ತು. ಎಸೆಯಬೇಕೆಂದುಕೊಂಡ. ಕಸದ ಬುಟ್ಟಿ ಮೇಜಿನ ಆ ತುದಿಗಿತ್ತು. ಅಷ್ಟು ದೂರ ನಡೆದು ಎಸೆದರೆ ಸಿಟ್ಟು ನಾಟಕವಾಗುತ್ತದೆ ಅನಿಸಿ ಅಂಗಿಯ ಜೇಬಿಗೆ ಹಾಕಿಕೊಂಡ.

“ಸರಿ ಸಾರ್,” ಅಂದರು ಮೇಸ್ತ್ರಿ. ಬೋರ್ಡನ್ನು ಇಸಿದುಕೊಂಡು ಪೆಟ್ಟಿಗೆಯೊಳಗೆ ಕೂರಿಸಿ, ನಾಲ್ಕು ಸ್ಕ್ರೂ ಬಿಗಿದು, ಮಾಲೀಕರ ಕೋಣೆಗೆ ಹೊತ್ತುಕೊಂಡು ಹೋದರು. ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಯವರು ಅದನ್ನು ನೋಡಲು ಬರುವವರಿದ್ದರು.

ಮೇಸ್ತ್ರಿ ಅವನ ಸೋದರಮಾವ. ಅವನ ತಾಯಿಯ ಒಡಹುಟ್ಟಿದ ತಮ್ಮ.

ಈ ಸಂಗತಿ ಆ ಕಟ್ಟಡದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಂದೇ ಮನೆಯ ಒಂದೇ ಬಾಗಿಲಿನಿಂದ ಇಬ್ಬರೂ ಅರ್ಧ ಗಂಟೆಯ ಅಂತರದಲ್ಲಿ ಹೊರಡುತ್ತಿದ್ದರು. ಒಬ್ಬರು ಬಸ್ಸಿನಲ್ಲಿ, ಒಬ್ಬ ಸ್ಕೂಟರಿನಲ್ಲಿ. ಅವನು ಕೆಲಸಕ್ಕೆ ಸೇರಿದ ದಿನ ಮಾವ ಬೀದಿ ತಿರುವಿನಲ್ಲಿ ನಿಂತು ಹೇಳಿದ್ದರು: “ಒಳಗೆ ಮಾವ ಅನ್ಬೇಡ ಮರಿ. ಮೇಸ್ತ್ರಿ ಅಳಿಯ ಅಂತ ಗೊತ್ತಾದ್ರೆ ನಿನ್ನ ಮಾತಿಗೆ ತೂಕ ಇರಲ್ಲ.” ಛೆ, ಹಾಗೇನಿಲ್ಲ ಎಂದು ಅವನು ಅನ್ನಲಿಲ್ಲ. ಅದೇ ಮಾತನ್ನು ಮಾವನಿಗೆ ಹೇಗೆ ಹೇಳುವುದೆಂದು ಮೂರು ದಿನದಿಂದ ಒದ್ದಾಡುತ್ತಿದ್ದವನು, ತಾನು ಬಾಯಿ ಬಿಡದೆ ಕೆಲಸವಾಯಿತೆಂದು ಹಗುರಾಗಿದ್ದ. ಅದಾಗಿ ಮೂರು ವರ್ಷವಾಗಿತ್ತು.

ಬೆಸುಗೆ ಕಲಿಸಿದ್ದು ಮಾವ. ಅಡುಗೆಮನೆಯ ನೆಲದ ಮೇಲೆ, ಕೆಟ್ಟ ರೇಡಿಯೋ ಬಿಚ್ಚಿಟ್ಟು. “ಮೊದಲು ಮುಟ್ಟಿ ನೋಡು. ಎಲ್ಲಿ ಬಿಸಿಯಿದೆಯೋ ಅಲ್ಲಿ ನೋವಿದೆ” ಅನ್ನುತ್ತಿದ್ದರು. ಕಾಲೇಜಿನಲ್ಲಿ ಅದನ್ನು ಬೇರೆ ಭಾಷೆಯಲ್ಲಿ, ಬೇರೆ ಹೆಸರಿನಲ್ಲಿ ಮತ್ತೆ ಕಲಿಸಿದರು. ಆ ಹೆಸರು ಕಲಿತ ಮೇಲೆ ಮಾವ ಹೇಳಿದ್ದು ಅವನಿಗೆ ಮರೆತುಹೋಯಿತು, ಅಥವಾ ಮರೆತದ್ದು ಅನುಕೂಲವಾಯಿತು.

ತನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ.

ಆಂಪ್ಲಿಫೈಯರನ್ನು ಅವನು ಎರಡು ವರ್ಷ ಮೈಮುರಿದು ಮಾಡಿದ್ದ. ಆಸ್ಪತ್ರೆಯಲ್ಲಿ ಬೆಂಕಿ ಬಿದ್ದರೆ, ವಿದ್ಯುತ್ ಹೋದರೆ, ಬ್ಯಾಟರಿಯ ಮೇಲೆಯೇ ಎರಡು ದಿನ ಮಾತಾಡುವ ಯಂತ್ರ. ಗುಟ್ಟು ಇಷ್ಟೇ: ಯಾರೂ ಮಾತಾಡದಿದ್ದಾಗ ಅದು ನಿದ್ದೆ ಹೋಗುತ್ತದೆ, ಬ್ಯಾಟರಿಯನ್ನು ಮುಟ್ಟುವುದೇ ಇಲ್ಲ. ಮೈಕಿನ ಮುಂದೆ ಯಾರಾದರೂ ಉಸಿರೆತ್ತಿದರೆ ತಟ್ಟನೆ ಏಳುತ್ತದೆ. ಮಾಲೀಕರು ಅವನ ಬೆನ್ನು ತಟ್ಟಿ, “ನಮ್ಮ ಕೆಲಸಗಾರರೂ ಹೀಗಿದ್ದಿದ್ರೆ!” ಅಂದಿದ್ದರು.

ಅವನ ಮೇಜಿನ ಮೇಲೆ ಅದೇ ಬೋರ್ಡಿನ ಜೋಡಿ ಇತ್ತು. ಎರಡು ವರ್ಷವೂ ಅದಕ್ಕೆ ಒಂದು ಗೇಣು ತಂತಿ ಕಟ್ಟಿ ಪರೀಕ್ಷೆ ಮಾಡಿದ್ದ. ಕಂಪ್ಯೂಟರಿನಲ್ಲಂತೂ ತಂತಿಗೆ ಉದ್ದವೇ ಇರಲಿಲ್ಲ. ಒಂದು ಗೆರೆ ಎಳೆದರೆ ತಂತಿಯಾಯಿತು. ಆಸ್ಪತ್ರೆಯ ಪಡಸಾಲೆ ಗೆರೆಯಲ್ಲ. ಮೂಲೆಯಲ್ಲಿದ್ದ ತಂತಿಯ ಇಡೀ ಸುರುಳಿಯನ್ನು ಎಳೆದು ತಂದು ಕಟ್ಟಿದ. ಸುಮ್ಮನೆ. ಮುದುಕನ ಮಾತು ಸುಳ್ಳೆಂದು ತನಗೆ ತಾನೇ ತೋರಿಸಿಕೊಳ್ಳಲು.

ಸ್ಪೀಕರಿನಲ್ಲಿ ಸದ್ದಿರಲಿಲ್ಲ. ಆದರೆ ವಿದ್ಯುತ್ತಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನ ಪರದೆಯ ಮೇಲೆ, ಕೂದಲೆಳೆಯಂತಿರಬೇಕಾದ ಗೆರೆ ಬೆರಳಗಲ ಉಬ್ಬಿಕೊಂಡಿತ್ತು.

ಪರದೆ ಮಸುಕಾಗಿದೆ ಎಂದುಕೊಂಡು ಗುಂಡಿ ತಿರುವಿದ. ಇದು ಅವನ ಕಸುಬಿನವರು ಮಾತ್ರ ತಮಗೆ ಹೇಳಿಕೊಳ್ಳಬಲ್ಲ ಸುಳ್ಳು. ಗೆರೆ ಹಾಗೇ ಇತ್ತು. ಆಂಪ್ಲಿಫೈಯರು ಕಿರುಚುತ್ತಿತ್ತು, ಮನುಷ್ಯರ ಕಿವಿಗೆ ಎಟುಕದಷ್ಟು ಎತ್ತರದ ದನಿಯಲ್ಲಿ. ಹೊರಗೆ ನಿಶ್ಶಬ್ದ, ಒಳಗೆ ಟ್ರಾನ್ಸಿಸ್ಟರು ಬೇಯುತ್ತಿತ್ತು.

ಜೇಬಿನಿಂದ ಬಿಲ್ಲೆ ತೆಗೆದು, ಚಿಮಟದಲ್ಲಿ ಹಿಡಿದು ಅದರ ಜಾಗಕ್ಕೆ ಒತ್ತಿದ. ಗೆರೆ ಕೂದಲಾಯಿತು. ತೆಗೆದ, ಉಬ್ಬಿತು. ಒತ್ತಿದ, ಕೂದಲು. ಐದಾರು ಸಲ ಹಾಗೆಯೇ ಮಾಡಿದ. ಆಮೇಲೆ, ಯಾರಾದರೂ ನೋಡಿಯಾರೆಂಬಂತೆ, ಮುಚ್ಚಿದ ಬಾಗಿಲಿನ ಕೋಣೆಯಲ್ಲಿ ಪರದೆಯನ್ನು ಆರಿಸಿಬಿಟ್ಟ.

ಎರಡು ನಿಮಿಷದ ಕೆಲಸ. ಬಿಲ್ಲೆಯನ್ನು ಮಾವನ ಕೈಗೆ ಕೊಟ್ಟು, “ನೀವು ಹೇಳಿದ್ದೇ ಸರಿ, ಹಾಕ್ಬಿಡಿ” ಅಂದರೆ ಸಾಕು. ಆದರೆ ಬೆಸುಗೆ ಹಾಕುವ ಸಾಮಾನೆಲ್ಲ ಆ ಉದ್ದ ಮೇಜಿನ ಮೇಲಿತ್ತು. ಇಂಜಿನಿಯರುಗಳ ಕೋಣೆಯಲ್ಲಿ ಹೊಗೆ ಬೇಡವೆಂದು ಅದನ್ನು ಹೊರಗೆ ಹಾಕಿಸಿದವನೂ ಅವನೇ.

ಒಂದು ಗಂಟೆಗೆ ತಾಯಿಯ ಫೋನು ಬಂತು.

“ಊಟ ಆಯ್ತಾ?”

“ಹ್ಞೂಂ.”

“ನಿನ್ನ ಮಾವ ತಿಂದ್ನಾ? ಡಬ್ಬಿ ಮರೆತು ಹೋಗಿದಾನೆ. ರಾತ್ರಿಯೆಲ್ಲ ಅದೇನೋ ನಿನ್ನ ಮಿಷನ್ನಿಗೆ ಸಾಲಲ್ಲ ಸಾಲಲ್ಲ ಅಂತ ಗೊಣಗ್ತಿದ್ದ. ನಿನಗೇನಾದ್ರೂ ಹೇಳಿದ್ನಾ?”

“ಇಲ್ಲ.”

“ನಿನ್ನ ಡಬ್ಬೀಲಿ ಉಳಿದಿದ್ರೆ ಎರಡು ಚಪಾತಿ ಕೊಡು ಅವನಿಗೆ.”

“ಮೀಟಿಂಗಿದೆ ಅಮ್ಮ, ಇಡ್ತೀನಿ.”

ಡಬ್ಬಿ ತೆಗೆದುಕೊಂಡೇ ಹೊರಗೆ ಬಂದ. ಹೆಂಗಸರು ಕಿಟಕಿಯ ಹತ್ತಿರ ಕೂತು ಉಣ್ಣುತ್ತಿದ್ದರು. ಮೇಸ್ತ್ರಿ ಒಬ್ಬರೇ ಗೋಡೆಯುದ್ದಕ್ಕೂ ತಂತಿ ಎಳೆಯುತ್ತ, ಕಾರ್ಖಾನೆಯ ಪಡಸಾಲೆಯ ಛಾವಣಿಗೆ ಸ್ಪೀಕರುಗಳನ್ನು ಜೋಡಿಸುತ್ತಿದ್ದರು. ಉದ್ದ ತಂತಿ. ಅವನು ಏಣಿಯ ಬುಡದಲ್ಲಿ ನಿಂತ. ಜೇಬಿನಲ್ಲಿ ಬಿಲ್ಲೆ ಇತ್ತು. ಕಿಟಕಿಯ ಬಳಿ ಮಾತು ನಿಂತಿತು.

“ಏನ್ ಸಾರ್?” ಅಂದರು ಮಾವ, ಮೇಲಿನಿಂದ.

“ಕುರ್ಚಿ ಹಾಕಿಸಿದ್ರಾ?”

“ಆಗ್ಲೇ ಹಾಕಿಸ್ದೆ.”

“ಎಷ್ಟು?”

“ಹತ್ತು.”

“ಸರಿ.”

ಡಬ್ಬಿಯ ಸಮೇತ ವಾಪಸು ಬಂದ. ಅದನ್ನು ಬಿಚ್ಚಲೂ ಇಲ್ಲ. ಹತ್ತು ನಿಮಿಷದ ಪ್ರದರ್ಶನ, ಹತ್ತು ನಿಮಿಷಕ್ಕೆ ಏನೂ ಸುಡುವುದಿಲ್ಲ, ನಾಳೆ ಬೇಗ ಬಂದು ನಾನೇ ಹಾಕುತ್ತೇನೆ. ಹೀಗೆ ಲೆಕ್ಕ ಹಾಕುವಾಗ ಅವನು ಬೆರಳು ಮಡಿಸುತ್ತಿದ್ದ.

ಮೂರಕ್ಕೆ ಮಾಲೀಕರ ಕೋಣೆಗೆ ಆಸ್ಪತ್ರೆಯ ಮೇಲ್ವಿಚಾರಕಿ ಬಂದರು. ದಪ್ಪ ಕನ್ನಡಕ, ಕಡಿಮೆ ಮಾತು. ಮಾಲೀಕರು ಕೆಲಸದವರನ್ನೂ ಕರೆಸಿ ಗೋಡೆಯುದ್ದಕ್ಕೂ ನಿಲ್ಲಿಸಿದ್ದರು. ಜನ ಇದ್ದರೆ ಕಾರ್ಖಾನೆ ದೊಡ್ಡದಾಗಿ ಕಾಣುತ್ತದಂತೆ.

“ಬೆಂಕಿ ಬಿದ್ರೂ ಇದು ಮಾತಾಡ್ತಿರುತ್ತೆ ಮೇಡಂ,” ಅಂದರು ಮಾಲೀಕರು.

“ಒಳಗೆ ಹೇಗಿದೆ ನೋಡ್ಬಹುದಾ?”

ಮುಚ್ಚಳ ತೆಗೆದರು. ಆಕೆ ಮೈಕಿಗೆ ಬಾಗಿ, “ಎಲ್ಲರೂ ಮೆಟ್ಟಿಲ ಕಡೆಯಿಂದ ಹೊರಗೆ ಬನ್ನಿ” ಅಂದರು. ಪಡಸಾಲೆಯ ಉದ್ದಕ್ಕೂ ಆಕೆಯ ದನಿ ನೀರಿನಷ್ಟು ತಿಳಿಯಾಗಿ ಹರಿಯಿತು. ಹೆಂಗಸರು ಚಪ್ಪಾಳೆ ತಟ್ಟಿದರು.

“ಈಗ ನಾವು ಸುಮ್ಮನಿದ್ರೆ ಇದು ಮಲಗುತ್ತೆ ಮೇಡಂ,” ಅಂದ ಅವನು. “ಎಷ್ಟು ಕರೆಂಟ್ ಎಳೀತಿದೆ ಅಂತ ಮೀಟರ್ ನೋಡ್ತಿರಿ, ಮುಳ್ಳು ಸೊನ್ನೆಗೆ ಬರುತ್ತೆ.”

ಎಲ್ಲರೂ ಸುಮ್ಮನಾದರು. ಮುಳ್ಳು ಸೊನ್ನೆಗೆ ಬರಲಿಲ್ಲ. ಒಂದು ಕ್ಷಣ ತಡೆದು, ಮೆಲ್ಲಗೆ ಮೇಲಕ್ಕೆ ಹತ್ತತೊಡಗಿತು.

“ಮಲಗುತ್ತೆ ಅಂದ್ರಿ?”

“ಮಲಗುತ್ತೆ.”

ಮುಳ್ಳು ಹತ್ತುತ್ತಲೇ ಇತ್ತು. ಬಿಸಿ ಅರಗಿನ ವಾಸನೆ ಮೊದಲು ಅವನ ಮೂಗಿಗೆ ಬಂತು, ಆಮೇಲೆ ಆಕೆಯ ಮೂಗಿಗೆ. ಏನಾದರೂ ಮಾಡಬೇಕಲ್ಲ ಎಂದು ಅವನು ಒಳಗೆ ಬಿಸಿ ಹೊರಹಾಕುವ ಅಲ್ಯೂಮಿನಿಯಂ ರೆಕ್ಕೆಗಳತ್ತ ಕೈ ಚಾಚಿದ.

“ಮುಟ್ಬೇಡ ಮರಿ! ಸುಡುತ್ತೆ!”

ಮಾವ ಯಾವಾಗ ಗೋಡೆ ಬಿಟ್ಟು ಬಂದರೋ. ಅವನ ಮಣಿಕಟ್ಟನ್ನು ಪಕ್ಕಕ್ಕೆ ತಳ್ಳಿ, ತಮ್ಮ ಬಲಗೈಯನ್ನು ಪೆಟ್ಟಿಗೆಯೊಳಗೆ ತೂರಿಸಿ, ಬೋರ್ಡಿನ ಕೆಳಗೆ ಎಲ್ಲೋ ತೋರುಬೆರಳು ಒತ್ತಿ ಹಿಡಿದರು. ಮುಳ್ಳು ಕಲ್ಲು ಬಿದ್ದ ಹಾಗೆ ಸೊನ್ನೆಗೆ ಬಿತ್ತು.

ಮಾಲೀಕರು ಏನು ಮಾಡಬೇಕೋ ತಿಳಿಯದೆ ನಕ್ಕರು. “ಏನ್ ಮೇಸ್ತ್ರಿ ಇದು? ಮಿಷನ್ ಜತೆ ನಿಮ್ಮನ್ನೂ ಪ್ಯಾಕ್ ಮಾಡಿ ಕಳಿಸಬೇಕಾ?”

ಬೆಳಿಗ್ಗೆ ನಕ್ಕವರು ಯಾರೂ ಈಗ ನಗಲಿಲ್ಲ. ಪಟಾಕಿ ತನ್ನ ಕಾಲ ಬೆರಳು ನೋಡುತ್ತಿದ್ದಳು.

“ಸಣ್ಣದೊಂದು ಬಿಲ್ಲೆ ಬಿದ್ದುಹೋಗಿದೆ ಸಾರ್,” ಅಂದರು ಮಾವ. ಬಗ್ಗಿದ್ದರಿಂದ ದನಿ ಅದುಮಿದಂತಿತ್ತು. “ನಾನು ಸ್ಕ್ರೂ ಹಾಕುವಾಗ ಬಿದ್ದಿರಬೇಕು. ನನ್ನದೇ ತಪ್ಪು. ಯಾರಾದ್ರೂ ಹುಡುಕಿ ಕೊಟ್ರೆ ಎರಡು ನಿಮಿಷದ ಕೆಲಸ.”

ಅವರು ಯಾರ ಕಡೆಗೂ ನೋಡಲಿಲ್ಲ. ಎಂಟು ಜನ ಹೆಂಗಸರು ಮಾತ್ರ ಅವನ ಅಂಗಿಯ ಜೇಬನ್ನು ನೋಡಿದರು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದ, ಬಯ್ಗುಳಕ್ಕೆ ಉತ್ತರವಿರುತ್ತದೆ. ಕೈ ಜೇಬಿನ ತನಕ ಬಂತು. ಬಟ್ಟೆಯ ಮೇಲಿಂದಲೇ ಬಿಲ್ಲೆಯ ಎರಡು ಕಾಲು ಬೆರಳಿಗೆ ಚುಚ್ಚಿದವು.

ಮೇಲ್ವಿಚಾರಕಿ ಮೀಟರಿನಿಂದ ಕಣ್ಣು ತೆಗೆದು ಮಾವನನ್ನು ನೋಡಿದರು. ಆಮೇಲೆ ಅವನನ್ನು.

“ಮರಿ ಅಂದ್ರಲ್ಲ,” ಅಂದರು. ದನಿಯಲ್ಲಿ ಕುಹಕವಿರಲಿಲ್ಲ, ಬರೀ ಕುತೂಹಲ. “ಇವರು ನಿಮಗೆ ಏನಾಗಬೇಕು?”

ಎರಡೇ ಅಕ್ಷರ. ತುಟಿ ಒಮ್ಮೆ ಮುಚ್ಚಿ ತೆರೆದರೆ ಮೊದಲನೆಯದಾಯಿತು. ತುಟಿ ಮುಚ್ಚಿತು. ಮಾವ ಬಗ್ಗಿದವರು ತಲೆಯೆತ್ತಲಿಲ್ಲ. ಅವರ ನೆತ್ತಿಯ ಬೋಳು, ಕಿವಿಯ ಹಿಂದೆ ಸಿಕ್ಕಿಸಿಕೊಂಡ ಪೆನ್ಸಿಲು, ಊಟವಿಲ್ಲದೆ ಒಳಸರಿದ ಹೊಟ್ಟೆ, ಎಲ್ಲ ಒಟ್ಟಿಗೆ ಕಂಡವು. ಮಾಲೀಕರು ಕಾಯುತ್ತಿದ್ದರು. ಗೋಡೆ ಕಾಯುತ್ತಿತ್ತು.

ಅವನು ಅಡ್ಡವಿದ್ದ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಯಾರ ಕಾಲನ್ನೂ ತುಳಿಯದಂತೆ ನೋಡಿಕೊಂಡು ಬಾಗಿಲ ಕಡೆ ನಡೆದ. ಬಾಗಿಲು ದಾಟಿದ.

ಪಡಸಾಲೆ ಉದ್ದಕ್ಕಿತ್ತು. ಛಾವಣಿಯಲ್ಲಿ ಹತ್ತು ಹೆಜ್ಜೆಗೊಂದರಂತೆ ಸ್ಪೀಕರು. ಮೈಕು ಮೇಜಿನ ಮೇಲೆಯೇ ಇತ್ತೆಂದು ನೆನಪಾಗುವಷ್ಟರಲ್ಲಿ ಯಂತ್ರ ಎದ್ದಿತು.

“ಅವರಿಗೇನಾಯ್ತು?” ಆಕೆಯ ದನಿ, ನೆತ್ತಿಯ ಮೇಲೆ.

“ಏನಿಲ್ಲಮ್ಮ. ಸಾರ್ ಬಿಲ್ಲೆ ಹುಡುಕೋಕೆ ಹೋಗಿರ್ತಾರೆ.”

“ನೀವು ಹೇಳಿ. ಅವರು ನಿಮಗೆ ಏನಾಗಬೇಕು?”

ಅವನು ಎರಡನೆಯ ಸ್ಪೀಕರಿನ ಕೆಳಗಿದ್ದ. ಮೂರನೆಯದರ ಕಡೆ ಕಾಲು ಹಾಕುತ್ತಿದ್ದ. ಮಾವ ಉಸಿರೆಳೆದುಕೊಂಡದ್ದು ಕೇಳಿಸಿತು. ಅಷ್ಟು ಚೆನ್ನಾಗಿ ಮಾಡಿದ್ದ ಆ ಯಂತ್ರವನ್ನು.

“ನನಗಾ? ನನಗೇನೂ ಆಗಬೇಕಾಗಿಲ್ಲಮ್ಮ.”

ಒಂದಿಷ್ಟೂ ಗೊರಗೊರವಿಲ್ಲದೆ, ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ, ಪಡಸಾಲೆಯ ಆ ತುದಿಯಿಂದ ಈ ತುದಿಗೆ ಮಾತು ಬಂದು ಮುಟ್ಟಿತು. ಆಮೇಲೆ ಯಾರೂ ಮಾತಾಡಲಿಲ್ಲ. ಮಾತಾಡದಿದ್ದರೆ ಏನು ಮಾಡಬೇಕೆಂದು ಅವನು ಹೇಳಿಕೊಟ್ಟಿದ್ದನೋ ಯಂತ್ರ ಹಾಗೇ ಮಾಡಿತು. ಮಲಗಿತು.

ಅಥವಾ ಮಲಗಲಿಲ್ಲ. ಮುದುಕರ ಬೆರಳು, ಎಷ್ಟು ಹೊತ್ತು ನಿಂತೀತು? ಅದು ಜಾರಿದ್ದರೂ ಇಲ್ಲಿ ಕೇಳಿಸುತ್ತಿದ್ದದ್ದು ಇದೇ ಮೌನ.

ಅವನು ಸ್ಪೀಕರುಗಳ ಕೆಳಗೆ ಒಂದೊಂದನ್ನೇ ದಾಟುತ್ತ ನಡೆದ, ಜೇಬಿನ ಬಿಲ್ಲೆಯ ಮೇಲೆ ಬೆರಳು ಒತ್ತಿ ಹಿಡಿದುಕೊಂಡು.