ಏಳು ಗಂಟೆಯ ಪರದೆ

ಅರ್ನೆಸ್ಟೀನ್ ಟಾಲಿವರ್ ಮೂವತ್ತೊಂದು ವರ್ಷ ಡೆಟ್ರಾಯಿಟ್‌ನಲ್ಲಿ ಶಾಲೆಯ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಓಡಿಸಿದವಳು. ಚಕ್ರ ಹಿಡಿದವಳಲ್ಲ, ಕಚೇರಿಯಲ್ಲಿ ಕುಳಿತು, ಯಾವ ಬಸ್ಸು ಯಾವ ತಿರುವಿನಲ್ಲಿ ಎಷ್ಟು ಹೊತ್ತಿಗಿರಬೇಕು ಎಂದು ಗಡಿಯಾರ ನೋಡಿ ಗದರಿಸಿದವಳು. ಅಂಥವಳು ಊರು ಬದಲಿಸುವಾಗ ಪಟ್ಟಿಯಿಲ್ಲದೆ ಹೊರಟಾಳೆಯೇ? ಹನ್ನೆರಡು ಪ್ರಶ್ನೆ ಬರೆದುಕೊಂಡಿದ್ದಳು. ಆಸ್ಪತ್ರೆ ಎಷ್ಟು ದೂರ, ಮೆಟ್ಟಿಲು ಎಷ್ಟು, ಬಚ್ಚಲಲ್ಲಿ ಹಿಡಿಕೆ ಹಾಕಿಸಲು ಗೋಡೆ ಗಟ್ಟಿಯಿದೆಯೇ, ಮಳೆನೀರು ಎತ್ತ ಹರಿಯುತ್ತದೆ, ಇತ್ಯಾದಿ. ಒಂದೊಂದಕ್ಕೆ ಒಂದೊಂದು ಅಂಕ.

ಪಟ್ಟಿಯಲ್ಲಿ ಬರೆಯದ ಕಾರಣವೊಂದಿತ್ತು. ಹೋದ ನವೆಂಬರಿನಲ್ಲಿ ಅವಳ ಗಂಡ ರಾಸ್ಕೊ ಅಡುಗೆಮನೆಯಲ್ಲಿ ಬಿದ್ದ. ಲಕ್ವ, ಸಣ್ಣದು, ಎಂದರು ವೈದ್ಯರು. ಆದರೆ ಅವಳು ಕೆಲಸದಿಂದ ಬರುವವರೆಗೆ ನಾಲ್ಕು ಗಂಟೆಯ ಕಾಲ ಅವನು ಫ್ರಿಜ್ಜಿನ ಪಕ್ಕ ನೆಲದ ಮೇಲೇ ಇದ್ದ. ಗೋಡೆಯಾಚೆಯ ಮನೆಯವನಿಗೆ ಸದ್ದು ಕೇಳಿಸಿತ್ತು. ಮರುದಿನ ಅವನೇ ಹೇಳಿದ: “ಧಡ್ ಅಂದಿದ್ದು ಕೇಳಿಸ್ತು ಮೇಡಂ. ಏನೋ ಮೇಜು ಗೀಜು ಸರಿಸ್ತಿದಾರೆ ಅಂದ್ಕೊಂಡೆ. ಟೀವಿ ಸ್ವಲ್ಪ ಜೋರು ಮಾಡ್ಕೊಂಡೆ.” ಕೆಟ್ಟವನೇನಲ್ಲ. ಹನ್ನೊಂದು ವರ್ಷದಿಂದ ಪಕ್ಕದಲ್ಲಿದ್ದ. ಅವನ ಹೆಸರು ಅವಳಿಗೂ ಗೊತ್ತಿರಲಿಲ್ಲ ಎನ್ನುವುದು ಅವಳನ್ನು ಇನ್ನಷ್ಟು ಚುಚ್ಚಿತು.

ಹಾಗಾಗಿ ಮೇಕನ್. ಜಾರ್ಜಿಯಾದ ಈ ಊರನ್ನು ಅವಳ ತಾಯಿ ಹತ್ತೊಂಬತ್ತರ ಪ್ರಾಯದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಬಿಟ್ಟುಬಂದಿದ್ದಳು. ಸಾಯುವವರೆಗೂ ಅದನ್ನು ಬೈದಳು, ಸಾಯುವವರೆಗೂ ಅಲ್ಲಿಯ ಪೀಚ್ ಹಣ್ಣನ್ನು ಹೊಗಳಿದಳು. ಅಲ್ಲಿ ಈಗ ಉಳಿದಿದ್ದ ನೆಂಟಳೆಂದರೆ ಚಿಕ್ಕಮ್ಮನ ಮಗಳು ಡೆಲ್ಫೀನ್. ಮೂರು ದಿನದಿಂದ ಅವಳೇ ತನ್ನ ಕಾರಿನಲ್ಲಿ ಗಂಡಹೆಂಡಿರನ್ನು ಕೂರಿಸಿಕೊಂಡು ಊರೆಲ್ಲ ಸುತ್ತಿಸುತ್ತಿದ್ದಳು. ಕಾರಿನ ಮೇಲೆ ಪೈನ್ ಮರಗಳ ಪರಾಗ ಅರಿಶಿನದ ಹಾಗೆ ಕೂತಿತ್ತು. ಡೆಲ್ಫೀನ್ ಮಾತಾಡುವಾಗ ನಡುನಡುವೆ ಬಾಯಿಯ ಮೂಲೆಯಿಂದ ಉಫ್ ಎಂದು ಮೇಲಕ್ಕೆ ಊದಿ, ಕಣ್ಣಿಗೆ ಮುತ್ತುವ ಗುಂಗುರುಗಳನ್ನು ಓಡಿಸುತ್ತಿದ್ದಳು. ಮಾತು ಮಾತ್ರ ನಿಲ್ಲುತ್ತಿರಲಿಲ್ಲ.

“ಹಳೇ ಐಸ್ ಫ್ಯಾಕ್ಟರಿ ಹತ್ರ ಎಡಕ್ಕೆ ತಿರುಗಿದ್ರೆ ಅಷ್ಟೇ, ಬಂತು.”

“ಎಲ್ಲೇ ಫ್ಯಾಕ್ಟರಿ? ಏನೂ ಕಾಣಿಸ್ತಿಲ್ವಲ್ಲ.”

“ಎಪ್ಪತ್ತೆಂಟರಲ್ಲೇ ಸುಟ್ಟೋಯ್ತು ಕಣೇ. ಆದ್ರೆ ತಿರುವು ಅಲ್ಲೇ ಇದೆ.”

ಮೊದಲ ದಿನ ನೋಡಿದ್ದು ಊರಿನ ಉತ್ತರಕ್ಕಿರುವ ಗೇಟಿನ ಬಡಾವಣೆ. ಹೊಸ ಮನೆ, ಮೆಟ್ಟಿಲೇ ಇಲ್ಲ, ಆಸ್ಪತ್ರೆ ಆರು ನಿಮಿಷ. ಗೇಟಿನ ಗುಪ್ತ ಸಂಖ್ಯೆ ಒತ್ತಿದರೆ ಮಾತ್ರ ಒಳಗೆ ಬಿಡುತ್ತದೆ. ಕಾರುಗಳು ಬಂದವು, ಗ್ಯಾರೇಜುಗಳು ಅವನ್ನು ನುಂಗಿಕೊಂಡವು, ಮನುಷ್ಯರು ಹೊರಗೆ ಕಾಣಿಸಲಿಲ್ಲ. ಹನ್ನೊಂದು ಅಂಕ. ಹನ್ನೆರಡನೆಯ ಪ್ರಶ್ನೆ ನೆರೆಹೊರೆ ಹೇಗೆ ಎಂಬುದು. ಕೇಳಲು ಯಾರೂ ಸಿಗದ್ದರಿಂದ ಅದೊಂದು ಬಾಕಿ.

“ಇಲ್ಲಿ ಸತ್ರೆ ಹೆಣ ಎತ್ತೋಕೆ ಬರೋರೂ ಗೇಟಿನ ನಂಬರ್ ಕೇಳ್ಬೇಕು,” ಎಂದಳು ಡೆಲ್ಫೀನ್.

“ಪರವಾಗಿಲ್ಲ,” ಎಂದ ರಾಸ್ಕೊ. ಲಕ್ವ ಹೊಡೆದ ಮೇಲೆ ಅವನ ಮಾತು ತೆವಳುತ್ತ ಬರುತ್ತಿತ್ತು. ಹಾಗಾಗಿ ಎಲ್ಲದಕ್ಕೂ ಒಗ್ಗುವ ಒಂದು ಮಾತನ್ನು ಆರಿಸಿಕೊಂಡು, ಮಿಕ್ಕವಕ್ಕೆ ರಜೆ ಕೊಟ್ಟಿದ್ದ.

ಎರಡನೆಯ ದಿನ ಊರ ನಡುವಿನ ಹಳೆಯ ಗೋದಾಮು. ಅದನ್ನು ಮನೆಗಳಾಗಿ ಕತ್ತರಿಸಿದ್ದರು. ಒಂಬತ್ತು ಅಂಕ. ಪರವಾಗಿಲ್ಲ. ನಿನ್ನ ಬೀದಿಯಲ್ಲೇ ಯಾವುದಾದರೂ ಇದ್ದರೆ ಎಂದು ಅರ್ನೆಸ್ಟೀನ್ ಕೇಳಿದ್ದಕ್ಕೆ ಡೆಲ್ಫೀನ್ ಕಾರನ್ನೇ ನಿಲ್ಲಿಸಿದಳು. “ನೋಡು, ನಂಗೆ ನಿನ್ನ ಮೇಲೆ ತುಂಬಾ ಪ್ರೀತಿ ಇದೆ. ಅದು ಹಾಗೇ ಉಳೀಲಿ.”

ಮೂರನೆಯ ದಿನ ಶನಿವಾರ. ಸಂಜೆ ಅಟ್ಲಾಂಟಕ್ಕೆ ಹೋಗಿ ವಿಮಾನ ಹಿಡಿಯಬೇಕು. ಗೇಟಿನ ಮನೆಯೇ ಎಂದು ಅರ್ನೆಸ್ಟೀನ್ ಮನಸ್ಸಿನಲ್ಲಿ ಮುಕ್ಕಾಲು ಪಾಲು ನಿರ್ಧರಿಸಿದ್ದಳು. ಆದರೂ ಹಾಲ್‌ಮನ್ ಬೀದಿಯಲ್ಲಿ ಒಂದು ಮನೆ ಮಾರಾಟಕ್ಕಿದೆ, ಒಂದರಿಂದ ಮೂರರವರೆಗೆ ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು ಎಂದು ಡೆಲ್ಫೀನ್ ಕರೆತಂದಳು. ಬೀದಿಯ ತುದಿಯಲ್ಲೇ ಇಳಿಸಿ, “ಹಳದಿ ಮನೆ, ಮುಂದೆ ಬೋರ್ಡ್ ಇದೆ. ತಿನ್ನೋಕೂ ಏನಾದ್ರೂ ಇಟ್ಟಿರ್ತಾರೆ, ಆಸೆ ಹುಟ್ಟಿಸೋಕೆ. ನಾನು ಡಿಕ್ಕೀಲಿರೋ ಈ ಕುರ್ಚಿಗಳನ್ನ ಚರ್ಚಿಗೆ ಕೊಟ್ಟು ಹತ್ತೇ ನಿಮಿಷದಲ್ಲಿ ಬಂದೆ,” ಎಂದು ಹೊರಟಳು. ಮೇಕನ್‌ನಲ್ಲಿ ಹತ್ತು ನಿಮಿಷವೆಂಬುದು ಗಡಿಯಾರದ ಮಾತಲ್ಲ, ಮರ್ಯಾದೆಯ ಮಾತು.

ಬೋರ್ಡು ಎರಡು ಮನೆಗಳ ನಡುವಿನ ಹುಲ್ಲಿನ ಮೇಲೆ ನೆಟ್ಟಿತ್ತು. ಎರಡೂ ಮನೆ ಹಳದಿ. ಪರಾಗದ ಕಾಲದಲ್ಲಿ ಮೇಕನ್‌ನ ಯಾವ ಮನೆ ಹಳದಿಯಲ್ಲ? ಒಂದರ ಬಾಗಿಲು ಮುಚ್ಚಿತ್ತು. ಇನ್ನೊಂದರ ಬಾಗಿಲು ಹಾರುಹೊಡೆದಿತ್ತು, ಮುಂದೆ ಕಾರುಗಳ ಸಾಲು, ಜಗಲಿಯಲ್ಲಿ ಜನ. ಇಷ್ಟೊಂದು ಮಂದಿ ಕೊಳ್ಳುವವರೇ! ಅರ್ನೆಸ್ಟೀನ್ ರಾಸ್ಕೊನ ತೋಳು ಹಿಡಿದು ಚುರುಕಾಗಿ ಮೆಟ್ಟಿಲು ಹತ್ತಿದಳು. ಎರಡೇ ಮೆಟ್ಟಿಲು. ಒಂದು ಅಂಕ.

ಬಾಗಿಲಲ್ಲಿ ನೀಲಿ ಉಡುಪಿನ ದಪ್ಪ ಹೆಂಗಸೊಬ್ಬಳು ಮಡಿಲಲ್ಲಿ ನೋಟುಪುಸ್ತಕ ಇಟ್ಟುಕೊಂಡು ಕೂತಿದ್ದಳು. ಎದ್ದು ಇವರಿಬ್ಬರನ್ನೂ ಒಟ್ಟಿಗೇ ತಬ್ಬಿಕೊಂಡಳು.

“ಬನ್ನಿ ಬನ್ನಿ, ಒಳಗ್ಬನ್ನಿ. ಹೆಸರು ಹೇಳಮ್ಮ, ಬರ್ಕೋತೀನಿ.”

“ಟಾಲಿವರ್. ಅರ್ನೆಸ್ಟೀನ್.”

“ಏನು ತಂದ್ರಿ?”

“ಏನೂ ತಂದಿಲ್ಲ. ಗಂಡನ್ನ ಕರ್ಕೊಂಡು ಬಂದಿದೀನಿ.”

“ಈ ಕಾಲದಲ್ಲಿ ಅದನ್ನ ಎಷ್ಟು ಜನ ತರ್ತಾರೆ ಹೇಳು,” ಎಂದು ಆಕೆ ನಗದೆ ಬರೆದಳು. ಅರ್ನೆಸ್ಟೀನ್ ಬಗ್ಗಿ ಓದಿದಳು. ‘ಟಾಲಿವರ್ — ಗಂಡ, ಒಂದು.’ ಅದರ ಮೇಲಿನ ಸಾಲಿನಲ್ಲಿ ‘ಹ್ಯಾಮ್, ಒಂದು’ ಎಂದಿತ್ತು. ದಕ್ಷಿಣದವರ ವ್ಯಾಪಾರವೇ ವಿಚಿತ್ರ ಎಂದುಕೊಂಡಳು.

ಮೇಜಿನ ಮೇಲೆ ಆಸೆ ಹುಟ್ಟಿಸಲು ಇಟ್ಟದ್ದು ಬಿಸ್ಕತ್ತಲ್ಲ. ಕರಿದ ಕೋಳಿ, ಕಾಲರ್ಡ್ ಸೊಪ್ಪು, ಮೂರು ಮನೆಯ ಮೂರು ಬಗೆಯ ಮ್ಯಾಕರೋನಿ, ನಾಲ್ಕು ಕೇಕು. ಯಾರೋ ಬಂದು ರಾಸ್ಕೊನನ್ನು ಅವಳ ತೋಳಿನಿಂದ ಬಿಡಿಸಿಕೊಂಡು ಹೋಗಿ ಹಿತ್ತಲ ಜಗಲಿಯ ಗಂಡಸರ ನಡುವೆ ಕೂರಿಸಿ ತಟ್ಟೆ ಕೊಟ್ಟರು. ಕೈ ಖಾಲಿಯಾದ ಅರ್ನೆಸ್ಟೀನ್ ಪಟ್ಟಿ ತೆಗೆದು ಕೆಲಸಕ್ಕೆ ತೊಡಗಿದಳು. ಅಡುಗೆಮನೆಯ ನಲ್ಲಿ ತಿರುಗಿಸಿ ನೀರಿನ ರಭಸ ನೋಡಿದಳು. ಶೌಚಾಲಯದ ನೀರು ಎರಡು ಬಾರಿ ಬಿಟ್ಟಳು. ಬಚ್ಚಲ ಗೋಡೆಯನ್ನು ಬೆರಳಿನಿಂದ ತಟ್ಟಿದಳು. ಮಲಗುವ ಕೋಣೆಯ ಕಪಾಟು ತೆಗೆದು, ಸಾಲಾಗಿ ತೂಗುತ್ತಿದ್ದ ಗಂಡಸಿನ ಅಂಗಿಗಳ ನಡುವೆ ಕೈ ತೂರಿಸಿ ಮೊಣಕೈಯವರೆಗೂ ಆಳ ಅಳೆದಳು.

“ಸಿಕ್ತಾ?” ಎಂದಿತು ಹಿಂದಿನಿಂದ ಒಂದು ದನಿ.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಬಿಳಿ ಕೂದಲಿನ, ಬೆತ್ತದಷ್ಟೇ ತೆಳ್ಳಗಿನ ಮುದುಕಿ ಒಬ್ಬಳು ಬೆತ್ತ ಹಿಡಿದು ಕೂತಿದ್ದಳು. ಹೆಸರು ಮಿಸ್ ಒವೀಟಾ ಎಂದು, ತನಗೆ ಎಂಬತ್ತನಾಲ್ಕು ಎಂದು, ಇದು ತನ್ನ ತಮ್ಮ ಲೂಷಿಯಸ್‌ನ ಮನೆ ಎಂದು ಕೇಳದೆಯೇ ಹೇಳಿದಳು.

“ಕಪಾಟು ದೊಡ್ಡದಿದೆ, ಮ್ಯಾಮ್. ಆದ್ರೆ ಈ ಗೋಡೆ ಇದೆಯಲ್ಲ, ಇದನ್ನ ಒಡೆಸ್ಬೇಕು.”

“ನಲವತ್ತು ವರ್ಷದಿಂದ ಅದನ್ನೇ ಬಡ್ಕೊಂಡೆ ಮಗಳೇ. ಕಿವಿಗೇ ಹಾಕ್ಕೊಳ್ಲಿಲ್ಲ. ಮಹಾ ಹಟಮಾರಿ.”

“ಈಗಲಾದ್ರೂ ಒಪ್ತಾರಾ?”

ಮಿಸ್ ಒವೀಟಾ ಸ್ವಲ್ಪ ಯೋಚಿಸಿದಳು. “ಈಗ ಅವನು ಯಾವುದಕ್ಕೂ ಬೇಡ ಅನ್ನೋ ಹಾಗೆ ಕಾಣಿಸಲ್ಲ.”

ಒಳ್ಳೆಯದು, ಮಾಲೀಕರು ಮೆತ್ತಗಿದ್ದಾರೆ. ಅರ್ನೆಸ್ಟೀನ್ ಹನ್ನೆರಡನೆಯ ಪ್ರಶ್ನೆಗೆ ಬಂದಳು. “ಅಕ್ಕಪಕ್ಕದೋರು ಹೇಗೆ?”

“ಅಕ್ಕಪಕ್ಕದೋರಾ?” ಮುದುಕಿ ಬೆತ್ತದ ತುದಿಯಿಂದ ಕಿಟಕಿ ತೋರಿಸಿದಳು. “ಲೂಷಿಯಸ್ ದಿನಾ ಬೆಳಿಗ್ಗೆ ಏಳು ಗಂಟೆಗೆ ಈ ಪರದೆ ಮೇಲಕ್ಕೆ ಎಳೀತಿದ್ದ. ನಿನ್ನೆ ಎಳೀಲಿಲ್ಲ. ಏಳೂ ಹತ್ತಕ್ಕೆ ಎದುರು ಮನೆ ವಾಷ್ಟಿ ರಾತ್ರಿ ಉಡುಪಲ್ಲೇ ಬೀದಿ ದಾಟಿ ಬಂದ್ಲು. ಅವಳ ಹತ್ರ ಒಂದು ಬೀಗದ ಕೈ ಇರುತ್ತೆ.”

“ಬಂದು?”

“ಮಲಗಿದ್ದ ಹಾಗೇ ಹೋಗ್ಬಿಟ್ಟಿದ್ದ. ಕೈ ಇನ್ನೂ ಬೆಚ್ಚಗಿತ್ತಂತೆ. ನಾವೆಲ್ಲ ಬರೋವರೆಗೂ ಆ ಕೈ ಹಿಡ್ಕೊಂಡೇ ಕೂತಿದ್ಲು.”

ಅರ್ನೆಸ್ಟೀನ್‌ಗೆ ಮೊದಲು ಹೊಳೆದದ್ದು ಅವಮಾನವಲ್ಲ, ಲೆಕ್ಕ. ಹತ್ತು ನಿಮಿಷ. ನಾಲ್ಕು ಗಂಟೆ. ಆ ಎರಡು ಅಂಕಿಗಳು ಅವಳ ತಲೆಯಲ್ಲಿ ಅಕ್ಕಪಕ್ಕ ನಿಂತವು. ಅವಮಾನ ಆಮೇಲೆ ಬಂತು, ಬಂದಾಗ ಸಂಸಾರ ಸಮೇತ ಬಂತು: ಶೌಚಾಲಯದ ನೀರು, ಗೋಡೆ ತಟ್ಟಿದ್ದು, ಸತ್ತವನ ಅಂಗಿಗಳ ನಡುವೆ ಇನ್ನೂ ಇದ್ದ ತನ್ನ ಕೈ. ಯಾರು ಯಾವ ಪಾತ್ರೆ ತಂದರು ಎಂದು ಬರೆದಿಡುವ ಪುಸ್ತಕವನ್ನು ಸಾವಿನ ಮನೆಯಲ್ಲಿ ತನ್ನ ತಾಯಿಯೂ ಇಡುತ್ತಿದ್ದಳು. ಡೆಟ್ರಾಯಿಟ್‌ನಲ್ಲಿ ಈಗ ಎಲ್ಲವೂ ಬಾಡಿಗೆಯ ಹಾಲಿನಲ್ಲಿ, ತರಿಸಿದ ಊಟದಲ್ಲಿ ಮುಗಿಯುವುದರಿಂದ ಮರೆತೇಹೋಗಿತ್ತು.

“ಅಯ್ಯೋ ದೇವರೇ. ಮಿಸ್ ಒವೀಟಾ, ನಾನು... ನಾವು ಮಾರಾಟದ ಮನೆ ಅಂತ...”

“ಗೊತ್ತು.”

“ಗೊತ್ತಾ? ಯಾವಾಗಿಂದ?”

“ನೀನು ಎರಡನೇ ಸಲ ನೀರು ಬಿಟ್ಟೆಯಲ್ಲ, ಆವಾಗಿಂದ. ದುಃಖಕ್ಕೆ ಬಂದೋರು ಒಂದೇ ಸಲ ಬಿಡ್ತಾರೆ.” ಮುದುಕಿಯ ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾಳೆಂದು ಅರ್ನೆಸ್ಟೀನ್ ಹೆದರಿದಳು. ಅಳುತ್ತಲೂ ಇದ್ದಳು, ಆದರೆ ನಗು ಮುಂದಿತ್ತು. “ನಿನ್ನೆಯಿಂದ ಬಂದೋರೆಲ್ಲ ನನ್ನ ಭುಜ ಒದ್ದೆ ಮಾಡಿ ಹೋಗಿದಾರೆ. ನೀನೊಬ್ಬಳೇ ಗೋಡೆ ವಿಷ್ಯ ಮಾತಾಡಿದ್ದು. ಸಾವಿನ ಮನೆ ಅಂತ ಬಾಗಿಲಿಗೆ ಹಾಕೋ ಹೂವಿನ ಚಕ್ರ ಬರೋದು ನಾಳೆ, ನಿಂದೇನೂ ತಪ್ಪಿಲ್ಲ. ಅವನಿದ್ದಿದ್ರೆ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದ. ಹೋಗು, ಏನಾದ್ರೂ ತಿನ್ನು.”

ತಿನ್ನುವ ಧೈರ್ಯ ಅವಳಿಗಿರಲಿಲ್ಲ. ಗಂಡನನ್ನು ಎಬ್ಬಿಸಿಕೊಂಡು ಸದ್ದಿಲ್ಲದೆ ಜಾರಿಕೊಳ್ಳೋಣವೆಂದು ಹಿತ್ತಲ ಜಗಲಿಗೆ ಹೋದಳು. ಅಲ್ಲಿ ರಾಸ್ಕೊ ಎರಡನೆಯ ತಟ್ಟೆ ಖಾಲಿ ಮಾಡುತ್ತಿದ್ದ. ಸುತ್ತ ನಾಲ್ವರು ಗಂಡಸರು ಬಗ್ಗಿ ಕೂತು ಅವನ ಮಾತಿಗೆ ಕಾಯುತ್ತಿದ್ದರು. ಯಾರಿಗೂ ಅವಸರವಿರಲಿಲ್ಲ, ಅಲ್ಲಿ ಎಲ್ಲರ ಮಾತೂ ಅಷ್ಟೇ ನಿಧಾನ.

“ಆಲೂಗೆಡ್ಡೆ ಸಲಾಡ್‌ಗೆ,” ಎಂದ ರಾಸ್ಕೊ, ಒಂದೊಂದೇ ಪದ ಇಳಿಸುತ್ತ, “ಸಾಸಿವೆ... ಕಮ್ಮಿ ಆಯ್ತು. ಮಾಡಿದೋರು... ಯಾರು?”

“ಸದ್ದು! ಮೆಲ್ಲಗೆ ಹೇಳಣ್ಣ,” ಎಂದ ಒಬ್ಬ. “ಮಾಡಿದೋರು ಪಾದ್ರಿಗಳ ಹೆಂಡ್ತಿ.”

“ಅದಕ್ಕೇ,” ಎಂದ ರಾಸ್ಕೊ. ನಾಲ್ವರೂ ತೊಡೆ ತಟ್ಟಿಕೊಂಡು ನಕ್ಕರು.

ನವೆಂಬರಿನಿಂದ ಏಪ್ರಿಲಿನವರೆಗೆ ಅವನು ಯಾವುದರ ಮೇಲೂ ಒಂದು ಆಕ್ಷೇಪ ಎತ್ತಿರಲಿಲ್ಲ. ಅರ್ನೆಸ್ಟೀನ್ ಅವನನ್ನು ಎಬ್ಬಿಸಲಿಲ್ಲ. ಆಮೇಲೆ ಮುಂಬಾಗಿಲಿಗೆ ಹೋಗಿ ನೀಲಿ ಉಡುಪಿನವಳ ಕಿವಿಯಲ್ಲಿ ಎಲ್ಲ ಒಪ್ಪಿಕೊಂಡಳು. ಆಕೆಯೇ ವಾಷ್ಟಿ.

“ನಮ್ಮ ಹೆಸರು ಹೊಡೆದುಹಾಕಿಬಿಡಿ, ದಯವಿಟ್ಟು.”

“ಪೆನ್ನಲ್ಲಿ ಬರೆದಾಯ್ತಲ್ಲ,” ಎಂದಳು ವಾಷ್ಟಿ. ಎದ್ದುಹೋಗಿ ಒಂದು ಗಾಜಿನ ಪಾತ್ರೆಯ ತುಂಬ ಕೇಕು ತುಂಬಿಸಿ ಬಟ್ಟೆ ಮುಚ್ಚಿ ತಂದು ಅವಳ ಕೈಗಿಟ್ಟಳು. ತಳದಲ್ಲಿ ಅಂಟುಪಟ್ಟಿ, ಅದರ ಮೇಲೆ ‘ವಾಷ್ಟಿ’. “ಪಾತ್ರೆ ವಾಪಸ್ ಬರ್ಬೇಕು. ಖಾಲಿ ಬರಬಾರದು.”

“ನಾವು ಇವತ್ತು ಸಂಜೆ ಡೆಟ್ರಾಯಿಟ್‌ಗೆ ಹೋಗ್ತಿದೀವಿ.”

“ಯಾವತ್ತು ಅಂತ ನಾನು ಕೇಳಿದ್ನಾ?”

ಗಂಡಹೆಂಡಿರು ಪಕ್ಕದ ಹಳದಿ ಮನೆಗೆ ಹೋದರು. ಅಲ್ಲಿ ಟೈ ಕಟ್ಟಿದ ಏಜೆಂಟನೊಬ್ಬ ಅಂಗಡಿಯ ಬಿಸ್ಕತ್ತಿನ ತಟ್ಟೆ ಮುಂದಿಟ್ಟುಕೊಂಡು ಒಂದು ಗಂಟೆಯಿಂದ ಒಬ್ಬನೇ ಕೂತಿದ್ದ. ಡೆಲ್ಫೀನಳ ಹತ್ತು ನಿಮಿಷವೂ ಅಷ್ಟರಲ್ಲಿ ಮುಗಿದು ಅವಳೂ ಬಂದು ಸೇರಿದಳು. ನಡೆದದ್ದನ್ನು ಕೇಳಿ ಗೋಡೆಗೆ ಒರಗಿಕೊಂಡಳು. “ಲೂಷಿಯಸ್ ಹೋಗ್ಬಿಟ್ನಾ? ನಂಗ್ಯಾರೂ ಹೇಳೇ ಇಲ್ವಲ್ಲ! ಊರಿನವಳು ನಾನು, ಸಾವಿನ ಮನೆಗೆ ನನಗಿಂತ ಮುಂಚೆ ನೀನು! ಯಾವ ಮುಖ ಇಟ್ಕೊಂಡು ಹೋಗ್ಲಿ ನಾನೀಗ?”

ಮನೆ ಅಷ್ಟಕ್ಕಷ್ಟೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಉಸಿರು ಬಿಗಿಹಿಡಿಯಬೇಕು. ಆಸ್ಪತ್ರೆ ಹದಿನಾಲ್ಕು ನಿಮಿಷ. ಹಿತ್ತಲಲ್ಲಿ ಮಳೆನೀರು ನೇರ ಮನೆಯ ಕಡೆಗೇ ಹರಿಯುತ್ತದೆ. ಏಳು ಅಂಕ, ಅದೂ ಕರುಣೆಯಿಂದ. ರಾಸ್ಕೊ ಬಚ್ಚಲ ಬಾಗಿಲಲ್ಲಿ ನಿಂತು, “ಚಿಕ್ಕದು,” ಎಂದ. ಎರಡನೆಯ ಆಕ್ಷೇಪ! ಅರ್ನೆಸ್ಟೀನ್‌ಗೆ ಅವನನ್ನು ಮುದ್ದಿಸುವಷ್ಟು ಸಂತೋಷವಾಯಿತು.

ಅವಳು ಕೇಕಿನ ಪಾತ್ರೆಯನ್ನು ಡೆಲ್ಫೀನಳ ಕೈಗೆ ಕೊಟ್ಟು ಮುಂದಿನ ಕೋಣೆಯ ಕಿಟಕಿಗೆ ಹೋದಳು. ಬಿಸಿಲು ಧಾರಾಳವಾಗಿ ಬರುತ್ತಿತ್ತು. ಪರದೆಯ ದಾರ ಹಿಡಿದು ಕೆಳಕ್ಕೆ ಎಳೆದಳು. ಅದು ನಡುವೆ ಎರಡು ಕಡೆ ಸಿಕ್ಕಿಕೊಂಡು, ಕಿರ್ ಎಂದು ಗೊಣಗಿ, ಕೊನೆಗೆ ನೆಲ ಮುಟ್ಟುವಂತೆ ಇಳಿಯಿತು. ಕೋಣೆ ಕತ್ತಲಾಯಿತು. ಅರ್ನೆಸ್ಟೀನ್ ಕೈಗಡಿಯಾರವನ್ನು ಕಣ್ಣಿನ ಹತ್ತಿರ ಹಿಡಿದು ನಿಂತಳು. ಮೂವತ್ತೊಂದು ವರ್ಷ ಬಸ್ಸುಗಳಿಗೆ ಕಾದಂತೆ.

“ಏನ್ ಮಾಡ್ತಿದೀಯೇ?” ಎಂದಳು ಡೆಲ್ಫೀನ್.

“ಶ್.”

ಹುಲ್ಲಿನ ಮೇಲೆ ಹೆಜ್ಜೆ ಸದ್ದು. ಆಮೇಲೆ ಮೆಟ್ಟಿಲು. ಬಾಗಿಲಲ್ಲಿ ವಾಷ್ಟಿ, ನೋಟುಪುಸ್ತಕ ಕಂಕುಳಲ್ಲಿ, ಏದುಸಿರು ಬಿಡುತ್ತ. “ಯಾಕೆ ಪರದೆ ಇಳೀತು? ನಿಮ್ಮೆಜಮಾನ್ರು ಸರಿಯಾಗಿದಾರಾ?”

“ಪರವಾಗಿಲ್ಲ,” ಎಂದ ರಾಸ್ಕೊ, ಬಚ್ಚಲ ಕಡೆಯಿಂದ.

ಒಂದು ನಿಮಿಷ ಹತ್ತು ಸೆಕೆಂಡು. ಅರ್ನೆಸ್ಟೀನ್ ಹನ್ನೆರಡು ಪ್ರಶ್ನೆಯ ಕಾಗದವನ್ನು ನಾಲ್ಕಾಗಿ ಮಡಚಿ ಕೈಚೀಲದೊಳಗೆ ಹಾಕಿದಳು.

ಏಜೆಂಟ ಗಡಿಬಿಡಿಯಿಂದ ಬಂದು ಪರದೆಯ ದಾರ ಜಗ್ಗಿದ. “ಸಾರಿ ಮ್ಯಾಮ್, ಇದು ಸ್ವಲ್ಪ ಬಿಗಿ. ಹೊಸದು ಹಾಕಿಸಿ ಕೊಡ್ತೀವಿ.”

“ಬೇಡಪ್ಪ, ಮುಟ್ಬೇಡ,” ಎಂದಳು ಅರ್ನೆಸ್ಟೀನ್. “ಅದು ಸರಿಯಾಗೇ ಕೆಲಸ ಮಾಡ್ತಿದೆ.”