ಕೆನ್ನೆಯ ಮೇಲೆ ಎರಡು ಬೆರಳು

ತರಬೇತಿ ಕೊಡುವವನ ಬೆರಳುಗಳಿಗೆ ಸಿಗರೇಟಿನ ನಾತ. ದೂರದಲ್ಲಿದ್ದಿದ್ದರೆ ಅವಳು ಆ ಗೊಡವೆಗೇ ಹೋಗುತ್ತಿರಲಿಲ್ಲ. ಆದರೆ ಆ ಬೆರಳುಗಳು ದಿನಕ್ಕೆ ಹತ್ತು ಸಲ ಅವಳ ಕೆನ್ನೆ ಹಿಂಡುತ್ತಿದ್ದವು.

ನೀರು ಕಾಯಿಸುವ ಗೀಸರ್ ಕೊಂಡವರ ದೂರುಗಳನ್ನು ಫೋನಿನಲ್ಲಿ ಕೇಳಿಸಿಕೊಳ್ಳುವುದು ಅವಳ ಕೆಲಸ. ಕೊಂಡವರೆಲ್ಲ ಕಡಲಾಚೆಯ ಇಂಗ್ಲಿಷಿನವರು. ಒಂದು ಸೀಮೆಯವರು 'ವಾಟರ್' ಅನ್ನುವಾಗ ನಡುವಿನ ಟಕಾರವನ್ನು ನುಂಗಿ ನೀರು ಕುಡಿದರೆ, ಇನ್ನೊಂದು ಸೀಮೆಯವರು ಅದನ್ನೇ ಡಕಾರ ಮಾಡುತ್ತಾರೆ. ಯಾವ ಸೀಮೆಯ ಕರೆ ಬಂದರೆ ಆ ಸೀಮೆಯ ಬಾಯಿ ತೊಟ್ಟುಕೊಳ್ಳಬೇಕು. ನಾಳಿನ ಪರೀಕ್ಷೆ ದಾಟಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ.

"ಬಸ್ ಅಲ್ಲಮ್ಮ, ಬುಸ್. ಇಂಗ್ಲೆಂಡಿನ ಉತ್ತರದ ಕಡೆಯವರು ಹಾಗನ್ನೋದು."

"ಬುಸ್ ಅನ್ನೋಕೆ ನಾನೇನು ಹಾವಾ ಸಾರ್?"

ಪಕ್ಕದ ಸಾಲಿನವರು ಕಿಸಕ್ಕೆಂದರು. ಅವನು ನಗಲಿಲ್ಲ. ಹೆಬ್ಬೆರಳು, ತೋರುಬೆರಳು ಸೇರಿಸಿ ಕೆನ್ನೆ ಒತ್ತಿ, ತುಟಿಯನ್ನು ಮೀನಿನ ಬಾಯಿ ಮಾಡಿದ. "ಈಗ ಹೇಳಿ."

ಉಸಿರು ಬಿಗಿಹಿಡಿದು ಹೇಳಿದಳು. ಮನೆಗೆ ಬಂದು ಕೆನ್ನೆಗೆ ಮೂರು ಸಲ ಸೋಪು ಹಚ್ಚಿದರೂ ನಾತ ಹೋದಂತೆನಿಸಲಿಲ್ಲ.

ಮಗಳು ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದುತ್ತಿದ್ದಳು. ಈರುಳ್ಳಿ ಹೆಚ್ಚುತ್ತಿದ್ದ ಅವಳು ಕಿವಿಗೊಟ್ಟಳು.

"ಹಾಗಲ್ಲ ಪುಟ್ಟಿ, ಬಾಯಿ ದುಂಡಗೆ ಮಾಡು."

"ಮಾಡ್ದೆನಲ್ಲಮ್ಮ."

"ಎಲ್ಲಿ ಮಾಡ್ದೆ? ನೋಡು, ಹೀಗೆ."

ಎದ್ದು ಹೋದದ್ದು ಯಾವಾಗಲೋ, ಅವಳ ಎರಡು ಬೆರಳು ಮಗುವಿನ ಕೆನ್ನೆಗಳ ಮೇಲಿದ್ದವು. ಪುಟ್ಟ ತುಟಿ ಮೀನಿನ ಬಾಯಿಯಾಗಿತ್ತು. ಮಗು ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದಿತ್ತು.

"ಬಿಡಮ್ಮ. ಕೈ ನಾತ."

ಕೆಂಡ ಮುಟ್ಟಿದವಳಂತೆ ಕೈ ಹಿಂದೆಗೆದಳು. ಬೆರಳುಗಳನ್ನೇ ನೋಡುತ್ತ, "ಥೂ," ಅಂದಳು.

"ನಂಗಾ?"

"ನಿಂಗಲ್ಲ ಕಂದ. ಹೆಂಗೆ ಬರುತ್ತೋ ಹಂಗೇ ಓದು."

ಮರುದಿನ ಪರೀಕ್ಷೆಯಲ್ಲಿ ಮೊದಲ ಪದಕ್ಕೇ ಅವನ ಕೈ ಮುಂದೆ ಬಂತು.

"ಕೈ ಕೆಳಗಿಡಿ ಸಾರ್."

"ಪರೀಕ್ಷೆ ಇದು, ಗೊತ್ತಿದೆ ತಾನೆ?"

"ಪರೀಕ್ಷೆ ಮಾತಿಗೆ. ಕೆನ್ನೆಗಲ್ಲ."

ಯಾರೂ ಕಿಸಕ್ಕೆನ್ನಲಿಲ್ಲ. ಪಟ್ಟಿಯಲ್ಲಿದ್ದ ಮೂವತ್ತೂ ಪದಗಳನ್ನು ಅವಳು ತನ್ನ ಬಾಯಲ್ಲೇ, ಬಿಡಿಬಿಡಿಯಾಗಿ ಹೇಳಿದಳು. ಅವನು ಹಾಳೆಯ ಮೂಲೆಯಿಂದ ಮೂಲೆಗೆ ಗೀಟು ಎಳೆದ.

"ಕಾಯಂ ಆಗಲ್ಲಮ್ಮ."

"ಬೇಡ ಬಿಡಿ."

ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುವಾಗ ರೂಢಿಯಂತೆ ಸೆರಗಿನಿಂದ ಕೆನ್ನೆ ಒರೆಸಿಕೊಂಡಳು. ಒರೆಸಲು ಇವತ್ತು ಏನೂ ಇರಲಿಲ್ಲ.