ಹತ್ತಕ್ಕೆ ಸೊನ್ನೆ

ನಮ್ಮ ಮುಂದಿನ ಕೋಣೆಯಲ್ಲಿ ಮೂರು ಹೊಲಿಗೆ ಯಂತ್ರಗಳಿವೆ. ಎರಡು ಕಾಣುತ್ತವೆ. ಮೂರನೆಯದರ ಮೇಲೆ ಹಳೆಯ ಹೊದಿಕೆ, ಅದರ ಮೇಲೆ ಇಸ್ತ್ರಿಗೆ ಕಾದಿರುವ ಬಟ್ಟೆಯ ರಾಶಿ. ಪರವಾನಗಿ ಇಲ್ಲದೆ ಮನೆಯಲ್ಲಿ ಎರಡಕ್ಕಿಂತ ಹೆಚ್ಚು ಇಡುವಂತಿಲ್ಲ ಎಂದು ಅಮ್ಮನಿಗೆ ಯಾರೋ ಹೇಳಿದ್ದರು. ಮೂರನೆಯದು ಹೋದರೆ ಶಾಲೆಯ ಸಮವಸ್ತ್ರದ ಕೆಲಸವೂ ಹೋದಂತೆ.

ಹಾಗಿರುವಾಗ ನಗರಸಭೆಯವರು ಫೋನಿನಲ್ಲಿ ಒಂದು ಆಟ ಶುರುಮಾಡಿದರು. ವಾರಕ್ಕೆ ಹತ್ತು ಪ್ರಶ್ನೆ: ಬೀದಿದೀಪ ಯಾರ ಹೊಣೆ, ಅರ್ಜಿಗೆ ಎಷ್ಟು ದಿನದಲ್ಲಿ ಉತ್ತರ ಕೊಡಬೇಕು, ಹೀಗೆ. ಜನರಿಗೆ ಆಡಳಿತ ತಿಳಿಯಲಿ ಎಂಬ ಉದ್ದೇಶವಂತೆ. ಆಡದವರ ಮನೆಗೇ ಬಂದು ಹೇಳಿಕೊಡುತ್ತಾರೆ ಎಂಬ ಮಾತೂ ಇತ್ತು.

“ಜನ ತಿಳ್ಕೊಂಡ್ರೆ ಅವರಿಗೇನು ಲಾಭ?” ಎಂದಳು ಅಮ್ಮ, ಗುಂಡುಸೂಜಿ ಕಚ್ಚಿಕೊಂಡೇ. “ಆಡದಿದ್ರೆ ಮನೆಗೆ ಬರ್ತಾರೆ. ಚೆನ್ನಾಗಿ ಆಡಿದ್ರೆ, ಇವರಿಗೆ ಕಾನೂನು ಗೊತ್ತು, ಗೊತ್ತಿದ್ದೂ ಮೂರು ಇಟ್ಕೊಂಡಿದ್ದಾರೆ ಅಂತಾರೆ. ಆಡು, ಆದ್ರೆ ಎಲ್ಲಾ ತಪ್ಪು ಒತ್ತು.”

ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ತಪ್ಪು ಮಾಡುವುದು ಸುಲಭ ಎಂದುಕೊಂಡಿದ್ದೆ. ಮೊದಲ ವಾರ ಕಣ್ಣುಮುಚ್ಚಿ ಒತ್ತಿದರೆ ಮೂರು ಸರಿಯಾಗಿಬಿಟ್ಟವು. ಅಮ್ಮ ಇಡೀ ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ ಆಟದೊಳಗೇ ಇದ್ದ ಪಾಠಗಳನ್ನು ಗುಂಡಿಯ ಕಾಜಾ ಹೊಲಿಯುವುದರ ನಡುವೆ ಓದತೊಡಗಿದೆ. ಸರಿ ಯಾವುದೆಂದು ತಿಳಿದರೆ ತಾನೆ ಅದನ್ನು ಬಿಡುವುದು? ಅಲ್ಲಿಂದ ಹನ್ನೊಂದು ವಾರ ಹತ್ತಕ್ಕೆ ಸೊನ್ನೆ.

ಮರುವಾರ ಬಾಗಿಲು ಸದ್ದಾಯಿತು. ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡ ನಗರಸಭೆಯ ಗುಮಾಸ್ತರು.

“ಕಣ್ಮುಚ್ಚಿ ಒತ್ತಿದ್ರೂ ಎರಡು ಮೂರು ಸರಿ ಬೀಳುತ್ತಮ್ಮಾ. ನಿಮ್ಮನೇಲಿ ಹನ್ನೊಂದು ವಾರದಿಂದ ಒಂದೂ ಬಿದ್ದಿಲ್ಲ. ಎಲ್ಲಾ ಗೊತ್ತಿರೋರು ಯಾರೋ ಇದ್ದಾರೆ. ಯಾರು?”

“ನಾವು ಹೆಬ್ಬೆಟ್ಟು ಒತ್ತೋ ಜನ ಸ್ವಾಮಿ. ಇವಳಂತೂ ಬಾಯಿ ಸತ್ತವಳು.”

ಅವರು ನನ್ನನ್ನು ನೋಡಿದರು. ಆಮೇಲೆ ಬಟ್ಟೆಯ ರಾಶಿಯನ್ನು. ಅದರ ಕೆಳಗೆ ಕಬ್ಬಿಣದ ಪೆಡಲು ಚೂರು ಇಣುಕುತ್ತಿತ್ತು.

“ಎಷ್ಟು ಮಿಷಿನ್ ಇದೆ?”

“ಎರಡೇ,” ಎಂದಳು ಅಮ್ಮ.

ಒಂಬತ್ತನೆಯ ವಾರ ಆಟದಲ್ಲಿ ಇದೇ ವಿಷಯದ ಪ್ರಶ್ನೆ ಬಂದಿತ್ತು. ಹೆಚ್ಚಿನ ಯಂತ್ರವಿದೆ ಎಂದು ತಾವೇ ಹೇಳಿದವರಿಗೆ ಪರವಾನಗಿ ಪಡೆಯಲು ಮೂವತ್ತು ದಿನ ಕೊಡಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಜಪ್ತಿ. ನಾನು ಬೇಕೆಂದೇ ‘ಇಬ್ಬರಿಗೂ ಜಪ್ತಿ’ ಎಂದು ಒತ್ತಿದ್ದೆ. ಮೂವತ್ತು ದಿನದ ಮಾತನ್ನು ಅಮ್ಮನಿಗೆ ಹೇಳಿದಾಗ, “ಅದೇ ಗಾಳ ಕಣೇ,” ಎಂದಿದ್ದಳು. ನಿಜವಾಗಿಯೂ ಗಾಳವೇ ಆಗಿದ್ದರೆ?

ಅವರು ರಾಶಿಯ ಕಡೆ ಒಂದು ಹೆಜ್ಜೆ ಇಟ್ಟರು.

“ಮೂರು,” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ನಾವೇ ಹೇಳ್ತಿದ್ದೀವಿ. ಮೂವತ್ತು ದಿನ ಕೊಡ್ಬೇಕು.”

ಅಮ್ಮ ಬೆನ್ನ ಹಿಂದೆ ಚಿವುಟಿದಳು. ಗುಮಾಸ್ತರು ಪೆನ್ನಿನ ಮುಚ್ಚಳ ತೆಗೆದರು.

“ಓಹೋ, ನೀನಾ,” ಎಂದು ಮೂವತ್ತು ದಿನದ ಗಡುವಿನ ಚೀಟಿ ಬರೆದು, ತಾರೀಖು ಹಾಕಿ, ಮೊಹರು ಒತ್ತಿ ನನ್ನ ಕೈಗೇ ಕೊಟ್ಟರು.

ಅವರು ಬೀದಿಯ ತಿರುವು ದಾಟುವವರೆಗೂ ಅಮ್ಮ ಕಿಟಕಿ ಬಿಡಲಿಲ್ಲ. ಆಮೇಲೆ ಚೀಟಿಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದಳು. ಮೊಹರನ್ನು ಒದ್ದೆ ಬೆರಳಿನಿಂದ ಉಜ್ಜಿದಳು. ಹೊದಿಕೆ ತೆಗೆಯುವಷ್ಟರಲ್ಲಿ ಫೋನು ಸದ್ದು ಮಾಡಿತು. ಹೊಸ ವಾರದ ಪ್ರಶ್ನೆಗಳು.

“ಈ ಸಲ ಏನು ಒತ್ಲಿ?”

ಅಮ್ಮ ಯಂತ್ರದ ಚಕ್ರ ತಿರುಗಿಸುತ್ತಾ ಯೋಚಿಸಿದಳು.

“ಐದು ಸರಿ, ಐದು ತಪ್ಪು. ಅವರೂ ಸ್ವಲ್ಪ ತಲೆ ಕೆಡಿಸಿಕೊಳ್ಳಲಿ.”